ಬಾಯಿ ನನ್ನದು, ದನಿ ಮದ್ರಾಸಿನದು

ಆ ಪಾತ್ರ ನನಗೆ ನಾಲ್ಕು ಹಲ್ಲಿಗೆ ಬಿತ್ತು. ಮೇಲಿನ ಸಾಲಿನ, ಎದುರಿನ ನಾಲ್ಕು. ಹುಳುಕಿಲ್ಲದ, ಅಲುಗಾಡದ, ಕಬ್ಬು ಸಿಗಿಯುತ್ತಿದ್ದ ಹಲ್ಲು. ಯಾರೂ ಹೊಡೆದು ಬೀಳಿಸಲಿಲ್ಲ. ನಾನೇ ಹುಬ್ಬಳ್ಳಿ ಬಸ್ಸು ಹತ್ತಿ ಹೋಗಿ ಕೀಳಿಸಿಕೊಂಡು ಬಂದೆ. ಯಾಕೆಂದರೆ ಕ್ಯಾಮರಾದಲ್ಲಿ ಅವು ಹೊಳೆಯುತ್ತಿದ್ದವು. ಹಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಹಲ್ಲಿನ ಬೆನ್ನಿಗೆ ಇನ್ನೊಂದು ಹೋಯಿತು. ಅದಕ್ಕೆ ನಾನು ಬೆಲೆ ಕಟ್ಟಿರಲಿಲ್ಲ. ಅದನ್ನೂ ಕೊಟ್ಟುಬಿಟ್ಟಿದ್ದೇನೆ ಅಂತ ನನಗೆ ಗೊತ್ತೇ ಇರಲಿಲ್ಲ.

ಅರವತ್ತರ ದಶಕದ ಮಾತು. ನಮ್ಮ ನಾಟಕ ಕಂಪನಿಯ ಕ್ಯಾಂಪು ಹಳಿಯಾಳದಲ್ಲಿತ್ತು. ನಾನು ಕಂಪನಿಯ ಮುದುಕ. ವಯಸ್ಸು ಮೂವತ್ತೈದರ ಆಚೀಚೆ, ಆದರೆ ಮೀಸೆ ಮೂಡಿದಾಗಿನಿಂದ ಅಪ್ಪ, ಅಜ್ಜ, ಕುರುಡ ಭಿಕ್ಷುಕ, ಹಾಸಿಗೆ ಹಿಡಿದ ಜಮೀನುದಾರ, ಇವೇ ಪಾತ್ರ. ಮೈಕು ಬಂದಿತ್ತು ಖರೆ, ಆದರೆ ಇದ್ದದ್ದು ಒಂದೇ. ಅದು ನಾಯಕಿಯ ತಲೆಯ ಮೇಲೆ ತೂಗುತ್ತಿತ್ತು. ಮುದುಕನಾದವನು ಬರೇ ಗಂಟಲಿನಿಂದ, ಬಿದಿರು ತಟ್ಟಿ ಕಟ್ಟಿದ ನಮ್ಮ ಥೇಟರಿನ ಹಿಂದಿನ ತಟ್ಟಿಯ ತನಕ ಮಾತು ಮುಟ್ಟಿಸಬೇಕು. ನಾನು ಮುಟ್ಟಿಸುತ್ತಿದ್ದೆ. ತೇರಗಾಂವದಿಂದ ಚಕ್ಕಡಿ ಕಟ್ಟಿಕೊಂಡು ಬಂದ ಹೆಣ್ಣುಮಕ್ಕಳು ನನ್ನ ಅಳು ಕೇಳಿ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು. ಊರಲ್ಲಿ ಜಾಹೀರಾತಿನ ಗಾಡಿ ತಿರುಗುವಾಗ ನಾಯಕನ ಹೆಸರಿನ ಬೆನ್ನಿಗೇ ನನ್ನ ಹೆಸರು ಕೂಗಿಸುತ್ತಿದ್ದರು. ಅದೂ ಮಾಲಕರ ಜೊತೆ ಹಟ ಹಿಡಿದು ನಾನು ಪಡೆದದ್ದು. ಪ್ರೀತಿಯಿಂದ ಯಾರೂ ಏನೂ ಕೊಡುವುದಿಲ್ಲ ಅನ್ನುವುದು ನನಗೆ ಮೊದಲಿಂದ ಗೊತ್ತು.

ಮದ್ರಾಸಿನಿಂದ ಸಿನಿಮಾದವರು ದಾಂಡೇಲಿಗೆ ಬಂದು ಇಳಿದಿದ್ದರು. ಕಾಡು, ಹೊಳೆ, ಬಿದಿರು ಹೇರಿದ ಲಾರಿ, ಎಲ್ಲಾ ಅವರಿಗೆ ಒಂದೇ ಕಡೆ ಸಿಕ್ಕಿತ್ತು. ಕತೆಯಲ್ಲಿ ಕಟ್ಟಿಗೆ ಡಿಪೋದ ಮುದಿ ಕಾವಲುಗಾರ ಒಬ್ಬ ಇದ್ದ. ಮಗ ದಿಮ್ಮಿಯ ಕೆಳಗೆ ಸಿಕ್ಕು ಸಾಯುತ್ತಾನೆ, ಈ ಮುದುಕ ದಿಮ್ಮಿಯ ಮೇಲೆ ಕೂತು ಅಳುತ್ತಾನೆ. ಆ ಪಾತ್ರಕ್ಕೆ ಒಪ್ಪಿದ್ದ ಹಿರಿಯ ನಟರು ಮದ್ರಾಸಿನಲ್ಲಿ ಜ್ವರ ಹಿಡಿದು ಮಲಗಿದರು. ಅವರ ಪ್ರೊಡಕ್ಷನ್ ಮ್ಯಾನೇಜರು ನಮ್ಮ ನಾಟಕ ನೋಡಿ, ಮಾರನೇ ದಿನ ಬೆಳಿಗ್ಗೆಯೇ ನಮ್ಮ ಬಿಡಾರಕ್ಕೆ ಬಂದರು.

"ಸಾರ್, ಒಂದೇ ಒಂದು ಸೀನು. ಆದರೆ ಇಡೀ ಪಿಕ್ಚರು ಅದರ ಮೇಲೆ ನಿಂತಿದೆ," ಅಂದರು.

"ಇಡೀ ಪಿಕ್ಚರು ನಿಂತೈತಿ ಅಂದ್ರ ಒಂದ ಸೀನ್ ಯಾಕ್ರಿ? ಸಾಯೂಕಿಂತ ಮೊದಲ ಅಪ್ಪ ಮಗ ಒಂದಿಷ್ಟು ಮಾತಾಡಬೇಕಲ್ಲ, ಇಲ್ಲಾಂದ್ರ ಮಂದಿ ಯಾರಿಗೆ ಅಳಬೇಕು?" ಅಂದೆ.

ಅವರು ನಕ್ಕರು. ಎರಡು ಸೀನು ಹೆಚ್ಚು ಮಾಡಿಸಿಕೊಂಡೆ. ಪರದೆಯ ಮೇಲೆ ಹೆಸರು, ಅದೂ ಗುಂಪಿನಲ್ಲಿ ಅಲ್ಲ, ಒಂಟಿಯಾಗಿ. ಅನ್ನದ ಊಟ ನನಗೆ ಒಗ್ಗುವುದಿಲ್ಲ, ಜೋಳದ ರೊಟ್ಟಿ ಬೇಕು; ರೊಟ್ಟಿ ಬಡಿಯಲು ನನ್ನ ಹೆಂಡತಿ ಬರುತ್ತಾಳೆ, ಅವಳ ಬಸ್ ಚಾರ್ಜೂ ನಿಮ್ಮದೇ. ಎಲ್ಲಕ್ಕೂ ಹೂಂ ಅಂದರು. ಎದುರಿನವನು ಅಷ್ಟು ಸಲೀಸಾಗಿ ಒಪ್ಪಿದರೆ ಒಂದು ಮೊಳ ಹಿಂದೆ ಸರಿದು ನೋಡಬೇಕು. ನಾನು ನೋಡಲಿಲ್ಲ, ಹಿಗ್ಗಿದೆ.

ಮೊದಲನೇ ದಿನವೇ ಹಲ್ಲಿನ ತಕರಾರು ಬಂತು. ನಾಟಕದಲ್ಲಿ ಬೋಳುಬಾಯಿ ಮಾಡುವುದಕ್ಕೆ ನಮ್ಮದೊಂದು ಪದ್ಧತಿ. ಜೇನುಮೇಣಕ್ಕೆ ದೀಪದ ಕಾಡಿಗೆ ಕಲಸಿ, ಬಟ್ಟೆಯಿಂದ ಹಲ್ಲು ಒರೆಸಿ ಒಣಗಿಸಿ, ಮೇಣವನ್ನು ಬೆರಳಲ್ಲಿ ಒತ್ತಿ ಕೂರಿಸುವುದು. ದೂರದಿಂದ ನೋಡಿದವರಿಗೆ ಅಲ್ಲಿ ಹಲ್ಲೇ ಇಲ್ಲ. ದಾಂಡೇಲಿಯ ಬಿಸಿಲಲ್ಲಿ, ಬೆಳ್ಳಿ ಕಾಗದ ಹಚ್ಚಿದ ಹಲಗೆಗಳನ್ನು ನನ್ನ ಮುಖಕ್ಕೆ ಹಿಡಿದಾಗ, ಆ ಮೇಣ ಕರಗಿ ತುಟಿಗೆ ಇಳಿಯಿತು. ಮೇಕಪ್ಪಿನವರು ಗಟ್ಟಿ ಮೇಣ ಹಚ್ಚಿದರು, ಅದು ಎಂಜಲಿಗೆ ಮಿಂಚಿತು. ಪುಡಿ ಉದುರಿಸಿದರು, ಮಾತಾಡುವಾಗ ಕೆಮ್ಮು ಬಂತು. ಕ್ಯಾಮರಾಮನ್ ಕಣ್ಣು ಕಿರಿದು ಮಾಡಿ ನೋಡಿ, "ಕ್ಲೋಸಪ್ಪಿನಲ್ಲಿ ಈ ಬಾಯಿ ಸುಳ್ಳು ಹೇಳುತ್ತೆ," ಅಂದುಬಿಟ್ಟರು. ಡೈರೆಕ್ಟರು ಛತ್ರಿಯ ಕೆಳಗೆ ಕೂತಲ್ಲಿಂದಲೇ ಮ್ಯಾನೇಜರಿಗೆ, "ಮದ್ರಾಸಿಗೆ ಟ್ರಂಕ್ ಕಾಲ್ ಹಾಕಿ. ಯಾರಾದರೂ ನಿಜವಾದ ಮುದುಕರು ಸಿಗ್ತಾರಾ ನೋಡಿ," ಅಂದರು.

ನನ್ನ ಎದುರಿಗೇ ಅಂದರು. ನಾನು ಅಲ್ಲೇ, ದಿಮ್ಮಿಯ ಮೇಲೆ, ತುಟಿಗೆ ಮಸಿ ಮೆತ್ತಿಕೊಂಡು ಕೂತಿದ್ದೆ. ಹಳಿಯಾಳದಲ್ಲಿ ಕಂಪನಿಯ ಮಂದಿಗೆಲ್ಲಾ ಪೇಢಾ ಹಂಚಿ ಬಂದಿದ್ದೆ. ಹೊಳ್ಳಿ ಹೋಗಿ ಏನು ಹೇಳಲಿ? ಹಲ್ಲು ಗಟ್ಟಿ ಇದ್ದದ್ದಕ್ಕೆ ಓಡಿಸಿದರು ಅಂತಲೇ?

ಮ್ಯಾನೇಜರನ್ನು ಪಕ್ಕಕ್ಕೆ ಕರೆದೆ. "ಟ್ರಂಕ್ ಕಾಲ್ ನಿಲ್ಲಸ್ರಿ. ಹಲ್ಲು ತಗಸ್ತೇನಿ," ಅಂದೆ.

ಅವರ ಮುಖ ಒಂದು ಕ್ಷಣ ಇಳಿಯಿತು. ಅವರು ಕೆಟ್ಟವರಾಗಿರಲಿಲ್ಲ. "ಬೇಡ ಸಾರ್, ಒಂದು ಪಿಕ್ಚರಿಗೋಸ್ಕರ..."

"ಪುಕ್ಕಟೆ ಅಲ್ರಿ. ಕೀಳಿಸೂದು ನಿಮ್ಮ ಖರ್ಚು. ಆಮ್ಯಾಲೆ ಛಲೋ ಪೈಕಿ ಹಲ್ಲಿನ ಸೆಟ್ಟು ಕಟ್ಟಿಸಿ ಕೊಡೂದು ನಿಮ್ಮದು. ಆ ಗಾಯ ಮಾಯೂ ತನಕ ಪಗಾರಾನೂ ನಡೀಬೇಕು. ಅಳೂ ಸೀನು ಎಲ್ಲಾಕಿಂತ ಕಡೀಕ ತಗೀಬೇಕು."

ಇದಕ್ಕೂ ಒಪ್ಪಿದರು. ಮತ್ತು ಇದನ್ನೆಲ್ಲಾ ಅಕ್ಷರಶಃ ನಡೆಸಿಕೊಟ್ಟರು. ಆ ಕಂಪನಿಯವರು ನನಗೆ ಮೋಸ ಮಾಡಿದರು ಅಂತ ಯಾರ ಮುಂದೂ ನಾನು ಹೇಳುವ ಹಾಗಿಲ್ಲ. ಅದೇ ನೋಡಿ ಹೊಟ್ಟೆಯಲ್ಲಿ ಉರಿಯುವುದು.

ಹುಬ್ಬಳ್ಳಿಯ ಹಲ್ಲಿನ ಡಾಕ್ಟರು ಇಕ್ಕಳದ ಹಿಂಬದಿಯಿಂದ ಕುಟ್ಟಿ ಕುಟ್ಟಿ ನೋಡಿದರು. "ಯಾವುದು ನೋಯ್ತದರಿ?"

"ಯಾವುದೂ ಇಲ್ರಿ. ಇವು ನಾಲ್ಕೂ ತಗೀರಿ."

"ನೋಯದ ಹಲ್ಲು ಯಾಕ ತಗೀಲಿ? ಹುಚ್ಚು ಏನಾದ್ರೂ ಹಿಡದದೇನು?"

ಸಿನಿಮಾ ಅಂದೆ. ಅವರು ಕಾಂಪೌಂಡರನ್ನು ಕರೆದು, "ನೋಡೋ, ಇವರಿಗೆ ಸಿನಿಮಾ ಹಿಡದದ," ಅಂದರು. ಸೂಜಿ ಚುಚ್ಚಿದರು, ಆದರೂ ಬೇರು ಕಿತ್ತು ಬರುವಾಗ ಆ ಸಪ್ಪಳ ತಲೆಬುರುಡೆಯ ಒಳಗಿಂದ ಕೇಳುತ್ತದೆ, ಕಿವಿಯಿಂದಲ್ಲ. ಗಟ್ಟಿ ಹಲ್ಲು ಬೇಗ ಬರುವುದಿಲ್ಲ. ಬಾಯಿ ತುಂಬ ಹತ್ತಿ ಕಚ್ಚಿಕೊಂಡು, ಕಿಡಕಿಯ ಪಕ್ಕ ಕೂತು ಬಸ್ಸಿನಲ್ಲಿ ಹೊಳ್ಳಿ ಬಂದೆ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ನೋಡಿದಳು, ಅಳಲಿಲ್ಲ. "ಇನ್ನ ನನ್ನ ಬೈಯೂದಾದ್ರೂ ಹೆಂಗ ಬೈತೀರಿ? ಗಾಳಿ ಅಷ್ಟ ಬರ್ತೈತಿ," ಅಂದಳು. ಚೌಕಾಶಿ ಮಾಡಿ ಪಡೆದ ಜೋಳದ ರೊಟ್ಟಿಯನ್ನು ಆ ಹದಿನೈದು ದಿನ ಹಾಲಿನಲ್ಲಿ ನೆನಸಿ ನುಂಗಿದೆ.

ಬಾಯಿಯ ಗಾಯ ಮಾಯ್ದ ಮೇಲೆ ಅಳುವ ಸೀನು ತೆಗೆದರು. ಶೂಟಿಂಗಿನಲ್ಲಿ ಎಲ್ಲೂ ಮೈಕು ಕಾಣಲಿಲ್ಲ. ಕ್ಯಾಮರಾ ಹಿಟ್ಟಿನ ಗಿರಣಿಯಂತೆ ಗರಗರ ಅನ್ನುತ್ತಿತ್ತು, ಅತ್ತ ಕಾಗದದ ಗಿರಣಿಯ ಭೋಂಗಾ, ಇತ್ತ ಲಾರಿಗಳು. ಅಸಿಸ್ಟೆಂಟ್ ಡೈರೆಕ್ಟರನ್ನು ಕೇಳಿದೆ: "ಇಷ್ಟು ಗದ್ದಲದಾಗ ನನ್ನ ಮಾತು ಹೆಂಗ ಹಿಡೀತೀರಿ?"

"ಈಗ ಹಿಡಿಯೋದಿಲ್ಲ ಸಾರ್. ಮಾತೆಲ್ಲಾ ಆಮೇಲೆ ಮದ್ರಾಸಿನಲ್ಲಿ. ಪರದೆ ನೋಡಿಕೊಂಡು, ತುಟಿಗೆ ಸರಿಯಾಗಿ ಹೇಳೋದು. ಡಬ್ಬಿಂಗ್ ಅಂತಾರೆ."

"ಹಂಗಾರ ಮದ್ರಾಸಿಗೆ ರೈಲು ಚಾರ್ಜು ಯಾರದು?"

"ನಮ್ಮದೇ ಸಾರ್."

ನನಗೆ ಸಮಾಧಾನವಾಯಿತು. ಇಲ್ಲಿ ನಾನು ಮಾಡಿದ ತಪ್ಪು ನಾಟಕದವನು ಮಾತ್ರ ಮಾಡಬಲ್ಲಂಥದು. ಪೇಟೆಯ ವ್ಯಾಪಾರಿ ಆಗಿದ್ದರೆ, ಮಾತು ಯಾರು ಹೇಳುತ್ತಾರೆ ಅಂತ ಕೇಳುತ್ತಿದ್ದ. ನಾನು ರೈಲಿನ ಚಾರ್ಜು ಕೇಳಿದೆ. ರಂಗದ ಮೇಲೆ ತುಟಿ ಒಬ್ಬನದು, ದನಿ ಇನ್ನೊಬ್ಬನದು ಆಗುವುದುಂಟೇ? ನನ್ನ ಮೂಗು ನನ್ನದೇ ಇರುತ್ತದೆಯೋ ಅಂತ ಯಾರಾದರೂ ಕೇಳಿಕೊಳ್ಳುತ್ತಾರೆಯೇ?

ಆ ದಿನ ದಿಮ್ಮಿಯ ಮೇಲೆ ಕೂತು ಅತ್ತೆ. ಹಲ್ಲಿಲ್ಲದ ಬಾಯಿಂದ ಹೊರಟ ದನಿ ನನಗೇ ಹೊಸದು. ಗಾಳಿ ತುಂಬಿದ, ಅಂಚು ಹರಿದ ದನಿ. ಬರೆದುಕೊಟ್ಟ ಮಾತು ಬಿಟ್ಟು, ನಮ್ಮ ಕಡೆ ಹೆಣದ ಮುಂದೆ ಕೂತು ಹಾಡಿಕೊಂಡು ಅಳುತ್ತಾರಲ್ಲ, ಹಾಗೆ, "ಯಪ್ಪಾ ನನ್ನಪ್ಪಾ, ಬುತ್ತಿ ಬಿಚ್ಚಲಿಲ್ಲೋ, ನೀರು ಕುಡೀಲಿಲ್ಲೋ" ಅಂತ ಎತ್ತಿದೆ. ದಿಮ್ಮಿ ಉರುಳಿಸಲು ಬಂದಿದ್ದ ಹಮಾಲರು ಅತ್ತರು. ಲಾರಿ ರಿಪೇರಿಗೆ ಬಂದಿದ್ದ ಸಾಬರ ಮೇಸ್ತ್ರಿ ಕೈಯ ಎಣ್ಣೆ ಒರೆಸಿಕೊಳ್ಳುವುದು ಮರೆತು ನಿಂತಿದ್ದ. ಡೈರೆಕ್ಟರು ಕಟ್ ಅನ್ನಲು ತಡಮಾಡಿದರು. ಹಲ್ಲು ಹೋದದ್ದು ದಂಡವಾಗಲಿಲ್ಲ ಅಂದುಕೊಂಡೆ.

ಯೂನಿಟ್ಟು ಹೋಯಿತು. ಹಲ್ಲಿನ ಸೆಟ್ಟು ಕಟ್ಟಿಸಿಕೊಟ್ಟರು. ನಾನು ಮುಂಡಗೋಡಕ್ಕೆ ಹೋದ ಕಂಪನಿಯನ್ನು ಕೂಡಿಕೊಂಡೆ. ಮದ್ರಾಸಿನಿಂದ ಕರೆ ಬರುವ ತನಕ ಅಳುವ ಮಾತು ಮರೆಯಬಾರದು ಅಂತ ದಿನಾ ಬೆಳಿಗ್ಗೆ ಸೆಟ್ಟು ತೆಗೆದಿಟ್ಟು ಕೆರೆಯ ದಂಡೆಗೆ ಹೋಗಿ ತಾಲೀಮು ಮಾಡುತ್ತಿದ್ದೆ.

ಆದರೆ ರಂಗದ ಮೇಲೆ ಕಟ್ಟಿಸಿದ ಹಲ್ಲು ನನ್ನ ಮಾತು ಕೇಳಲಿಲ್ಲ. ಮೆಲ್ಲಗೆ ಮಾತಾಡಿದರೆ ಸರಿ, ಎತ್ತರಿಸಿದರೆ ಸೀಟಿ ಹೊಡೆದ ಹಾಗೆ. ಮಾಲಕರು ಎರಡು ಸಲ ಹೇಳಿದರು, "ಮಾಸ್ತರ, ನಿಮ್ಮ ಮಾತು ಸೋರಾಕ ಹತ್ತೈತಿ. ಹಿಂದಿನವ್ರಿಗೆ ಮುಟ್ಟವಲ್ದು." ಮೂರನೆಯ ಸಲ ಹೇಳಬೇಕಾಗಲಿಲ್ಲ. ಮುಂಡಗೋಡದ ಸಂತೆಯ ದಿನ, ಚಿಗಳ್ಳಿ ಕಡೆಯ ಮಂದಿಯೂ ಉಳಿದು ತಟ್ಟಿ ತುಂಬಿತ್ತು. ಮಗನಿಗೆ ಶಾಪ ಹಾಕುವ ಪ್ರವೇಶ. ಕೈ ಎತ್ತಿ, ಎದೆ ತುಂಬ ಉಸಿರು ತಗೊಂಡು, "ಹಾಳಾಗಿ ಹೋಗು" ಅಂದೆ. ಸೆಟ್ಟು ಹಾರಿ ಹೋಗಿ ಮುಂದಿನ ಸಾಲಿನಲ್ಲಿ ಬಿತ್ತು.

ಅಲ್ಲಿ ಕೂತಿದ್ದವರು ಅತ್ತರಿನ ವ್ಯಾಪಾರದ ಸಾಬರು, ಮರ್ಯಾದಸ್ತ ಮನುಷ್ಯ. ಕರವಸ್ತ್ರದಲ್ಲಿ ಎತ್ತಿ, ಎದ್ದು ನಿಂತು, "ಮಾಸ್ಟರ್ ಸಾಬ್, ಮಗಾ ಹೋಗೂಕಿಂತ ಇದ ಮೊದಲ ಹೋತು. ತಗೋರಿ," ಅಂದರು. ಅವರು ತಮಾಷೆಗೆ ಅಂದದ್ದಲ್ಲ. ತಟ್ಟಿಯ ಮಂದಿಯೆಲ್ಲಾ ಬಿದ್ದು ಬಿದ್ದು ನಕ್ಕರು. ಮಗನ ಪಾತ್ರದವನೂ ಬೆನ್ನು ತಿರುಗಿಸಿ ನಕ್ಕ.

ಮರುದಿನದಿಂದ ನನ್ನನ್ನು ಗೇಟಿಗೆ ಹಾಕಿದರು. ಟಿಕೀಟು ಹರಿಯುವುದು. "ನಿಮ್ಮ ಸಿನಿಮಾ ಬರಲಿ ಮಾಸ್ತರ, ಮಂದಿ ಆ ದನಿ ಕೇಳಲಿ, ಆಮ್ಯಾಲೆ ನೋಡೂಣು," ಅಂದರು ಮಾಲಕರು. ಅದೂ ಒಂದು ಒಪ್ಪಂದವೇ ಅಂತ ಹಿಡಿದುಕೊಂಡೆ. ಗೇಟಿನಲ್ಲಿ ನಿಂತು ಬಂದವರಿಗೆಲ್ಲಾ ಹೇಳಿದೆ, "ಸಿನಿಮಾದಾಗ ಕೇಳ್ರಿ ನನ್ನ ಅಳು. ಅಲ್ಲಿ ಹಿಂದಿನ ಸಾಲೂ ಇಲ್ಲ, ಮುಂದಿನ ಸಾಲೂ ಇಲ್ಲ." ಮದ್ರಾಸಿನಿಂದ ಮಾತ್ರ ಕರೆ ಬರಲೇ ಇಲ್ಲ. ಆ ದಿನ ಗದ್ದಲದಲ್ಲೇ ನನ್ನ ದನಿ ಹೇಗೋ ಹಿಡಿದುಕೊಂಡಿರಬೇಕು ಅಂತ ಸಮಾಧಾನ ಮಾಡಿಕೊಂಡೆ.

ಸಿನಿಮಾ ದಾಂಡೇಲಿಗೆ ಬಂತು. ಹೆಂಡತಿ, ಮಾಲಕರು, ಕಂಪನಿಯ ಅರ್ಧ ಮಂದಿಯನ್ನು ಕರೆದುಕೊಂಡು ಹೋದೆ. ಟಾಕೀಸಿನ ತುಂಬ ಗಿರಣಿಯ ಕೆಲಸಗಾರರು. ಡಿಪೋದಲ್ಲಿ ಅತ್ತಿದ್ದ ಹಮಾಲರೂ ಬಂದಿದ್ದರು. ನನ್ನ ಹೆಸರು ಒಂಟಿಯಾಗಿ ಬಂತು. ಸೀಟಿ ಬಿತ್ತು. ಹೆಚ್ಚು ಮಾಡಿಸಿಕೊಂಡ ಎರಡೂ ಸೀನು ಇದ್ದವು. ಪರದೆಯ ಮೇಲೆ ನಾನು ಬಾಯಿ ತೆರೆದೆ.

"ಬಾಪ್ಪ ಮಗನೇ, ಹುಷಾರಾಗಿ ಹೋಗ್ಬಾ."

ಮೈಸೂರು ಕಡೆಯ, ತುಪ್ಪ ಸವರಿದಂಥ ದನಿ. ಅಲ್ಲೊಬ್ಬ, ಇಲ್ಲೊಬ್ಬ ನಕ್ಕರು. ನಾನು ಕೂತಲ್ಲೇ ಒಡೆದು ಹೋದೆ. ಆಮೇಲೆ ಅಳುವ ಸೀನು ಬಂತು. ನನ್ನ ತುಟಿ "ಬುತ್ತಿ ಬಿಚ್ಚಲಿಲ್ಲೋ" ಅನ್ನುತ್ತಿದೆ, ದನಿ "ಅಯ್ಯೋ ವಿಧಿಯೇ" ಅನ್ನುತ್ತಿದೆ. ಹಿಂದಿನಿಂದ ಒಬ್ಬ ಹಮಾಲ ಕೂಗಿದ, "ಏ ಮಾಸ್ತರ, ನಿಮ್ಮ ಬಾಯಾಗ ಯಾರ್ ಕುಂತಾರ? ಎದ್ದು ಹೊರಗ ಬಾ ಅನ್ರಿ ಅವರಿಗೆ!" ಟಾಕೀಸೆಲ್ಲಾ ನಕ್ಕಿತು. ಆದರೆ ನಗು ನಿಂತ ಮೇಲೆ, ಆ ತುಪ್ಪದ ದನಿಗೇ, ಹೆಂಗಸರ ಕಡೆಯಿಂದ ಮೂಗು ಸೊರ್ ಅನ್ನುವುದು ಕೇಳಿತು. ಆ ನಗುವಿಗಿಂತ ಅದು ನನಗೆ ಹೆಚ್ಚು ಚುಚ್ಚಿತು.

ಹೊರಗೆ ಬಂದು ಮಾಲಕರು ಬೀಡಿ ಹಚ್ಚಿದರು. "ಮಾರಿ ಛಲೋ ಬಂದೈತಿ, ಮಾಸ್ತರ," ಅಂದರು. ಮುಖ ಹೊಗಳಿದರು, ದನಿಯ ಸುದ್ದಿ ತೆಗೆಯಲಿಲ್ಲ. ಗೇಟಿನ ಕೆಲಸ ಪಕ್ಕಾ ಆಯಿತು ಅಂತ ತಿಳಕೊಂಡೆ.

ಅಷ್ಟರಲ್ಲಿ ಇನ್ನೊಂದು ಸಿನಿಮಾದವರು ಜೋಯಿಡಾ ಕಡೆ ಬಂದರು. ಅದೇ ಮ್ಯಾನೇಜರು, ಬೇರೆ ಡೈರೆಕ್ಟರು. "ಆ ಬೋಳುಬಾಯಿ ಅಜ್ಜನೇ ಬೇಕು," ಅಂತ ಹುಡುಕಿಕೊಂಡು ಬಂದರು. ಈ ಸಲ ಹೊಳೆ ದಾಟಿಸುವ ಅಂಬಿಗ. ನಾನು ಗೇಟಿನಲ್ಲಿ ನಿಂತೇ ಮಾತಾಡಿದೆ.

"ಊಟ ನಿಮ್ಮ ಇಷ್ಟ. ಹೆಸರು ಎಲ್ಲೆರ ಹಾಕ್ರಿ. ದನಿ ಮಾತ್ರ ನನ್ನದ ಆಗಬೇಕು."

"ಸಾರ್, ಒಬ್ಬ ನಟನ್ನ ಇಲ್ಲಿಂದ ಮದ್ರಾಸಿಗೆ ಕರೆಸೋದು, ಇಟ್ಟುಕೊಳ್ಳೋದು... ಅಲ್ಲೇ ಹೇಳೋರು ಇರ್ತಾರೆ. ಹೋದ ಸಲ ನಾನು ಮಾತು ಕೊಟ್ಟದ್ದೆಲ್ಲಾ ನಡೆಸಿಕೊಟ್ಟೆನೋ ಇಲ್ಲವೋ?"

"ನಡೆಸಿಕೊಟ್ರಿ. ಅದಕ್ಕ ಈ ಸಲ ಸರಿಯಾದ್ದನ್ನ ಕೇಳಾಕ ಹತ್ತೇನಿ."

ಅವರು ಯೋಚಿಸಿ ಹೂಂ ಅಂದರು. ಬರೇ ಹೂಂ ಮೇಲೆ ಈ ಸಲ ನಾನು ಬಿಡಲಿಲ್ಲ. ಎಲ್ಲಾ ಸೀನು ಮಾಡಿಕೊಟ್ಟೆ, ಒಂದನ್ನು ಕೈಯಲ್ಲಿ ಇಟ್ಟುಕೊಂಡೆ. ಅಂಬಿಗ ಸಾಯುವ ಶಾಟು. ಮದ್ರಾಸಿನಲ್ಲೇ ಸ್ಟುಡಿಯೋದೊಳಗೆ ತೆಗೆಯಿರಿ, ಮೊದಲು ನನ್ನ ಮಾತು ಹಿಡಿಯಿರಿ, ಆಮೇಲೆ ಸಾಯುತ್ತೇನೆ ಅಂದೆ. ಡೈರೆಕ್ಟರು ಸಿಟ್ಟಾದರು. ಆದರೆ ಅಂಬಿಗ ಸಾಯದೆ ಕತೆ ಮುಂದೆ ಹೋಗುವುದಿಲ್ಲ. ಅರ್ಧ ಸಿನಿಮಾ ಈ ಮುಖದಲ್ಲಿ ತೆಗೆದಾದ ಮೇಲೆ ಮುಖ ಬದಲಿಸುವ ಹಾಗೂ ಇಲ್ಲ. ಕರೆಸಿದರು.

ಡಬ್ಬಿಂಗ್ ಥೇಟರು ಅಂದರೆ ಒಂದು ಕತ್ತಲೆ ಖೋಲಿ, ಗೋಡೆಗೆಲ್ಲಾ ಗೋಣಿಯಂಥ ಬಟ್ಟೆ. ಫಿಲ್ಮಿನ ಒಂದು ತುಣುಕಿನ ಎರಡೂ ತುದಿ ಅಂಟಿಸಿ ಬಿಡುತ್ತಾರೆ, ಅದೇ ಮಾತು ಮುಗಿದು ಮತ್ತೆ ಅದೇ ಮಾತು ಬರುತ್ತದೆ. ನಮ್ಮ ತುಟಿ ಅಲ್ಲಾಡುವುದಕ್ಕೂ ನಮ್ಮ ಮಾತಿಗೂ ಕೂದಲೆಳೆ ಅಂತರ ಇರಬಾರದು. ಬಾಗಿಲ ಹೊರಗೆ ನನಗಿಂತ ಮೊದಲು ಬಂದು ಎಲೆ ಅಡಿಕೆ ಜಗಿಯುತ್ತಾ ಕೂತಿದ್ದ ತೆಳ್ಳನೆ ಮನುಷ್ಯ ಎದ್ದು ಕೈಮುಗಿದ. ಬಾಯಿ ತುಂಬ ಹಲ್ಲು.

"ಸಾರ್, ಹೋದ ಪಿಕ್ಚರಿನಲ್ಲಿ ತಮಗೆ ಹೇಳಿದವನು ನಾನೇ. ತಮ್ಮ ಬಾಯಿ ನಮಗೆ ಬಹಳ ಸಲೀಸು ಸಾರ್. ಹಲ್ಲಿದ್ದರೆ ಯಾವ ಅಕ್ಷರ ಅಂತ ಕಂಡುಬಿಡುತ್ತೆ. ಹಲ್ಲಿಲ್ಲ ನೋಡಿ, ಏನು ಹೇಳಿದರೂ ಕೂರುತ್ತೆ."

ಅವನು ಹೊಗಳಿಕೆಗೇ ಅಂದ. ನಾನೂ ನಮಸ್ಕಾರ ಅಂದೆ. ನನ್ನ ಮನೆಯ ಗೋಡೆಗೆ ನಾನೇ ಕನ್ನ ಕೊರೆದು ಕೊಟ್ಟಿದ್ದೆ.

ಒಳಗೆ ಹೋಗಿ, ಸೆಟ್ಟು ತೆಗೆದು ಕಿಸೆಗೆ ಹಾಕಿ, ನನ್ನ ದನಿಯಲ್ಲಿ ಹೇಳಿದೆ. ತುಟಿಗೆ ಸರಿಯಾಗಿ ಕೂತಿತು. ಗಾಜಿನ ಹಿಂದಿನಿಂದ ಡೈರೆಕ್ಟರ ಮಾತು ಬಂತು: "ಚೆನ್ನಾಗಿದೆ. ಆದರೆ ಜನರಿಗೆ ಈ ಮುಖಕ್ಕೆ ಬೇರೆ ಧ್ವನಿ ಪರಿಚಯ ಆಗಿಬಿಟ್ಟಿದೆ. ಹೋದ ಪಿಕ್ಚರಿನಲ್ಲಿ ಇತ್ತಲ್ಲ, ಆ ಥರ ಹೇಳಿ."

"ಅದು ನನ್ನ ದನಿ ಅಲ್ರಿ."

"ಗೊತ್ತು. ನೀವು ನಾಟಕದವರು, ಅನುಕರಣೆ ಕಷ್ಟವೇ? ಕಷ್ಟ ಆದರೆ ಹೇಳಿ, ಅವರು ಹೊರಗೇ ಕೂತಿದ್ದಾರೆ."

ನನ್ನ ಕೈಯಲ್ಲಿ ಒಂದು ಶಾಟು ಇತ್ತು, ಅವರ ಬಾಗಿಲಲ್ಲಿ ಒಬ್ಬ ಮನುಷ್ಯ ಇದ್ದ. ಸಾಯುವುದಿಲ್ಲ ಅಂತ ಎದ್ದು ಬರಬಹುದಿತ್ತು. ಬಂದರೆ ಮುಂಡಗೋಡದ ಗೇಟು. ತುಣುಕು ತಿರುಗುತ್ತಲೇ ಇತ್ತು, ನನ್ನ ಬೋಳುಬಾಯಿ ತೆರೆಯುತ್ತಲೇ ಮುಚ್ಚುತ್ತಲೇ ಇತ್ತು. ಎಷ್ಟು ಸಲ ನೋಡಿದೆನೋ. ಕಡೆಗೆ ಗಂಟಲು ಸಣ್ಣ ಮಾಡಿ, ತುಪ್ಪ ಸವರಿ, ಅವನ ದನಿ ತೆಗೆದೆ. "ಭೇಷ್, ಇದೇ," ಅಂದರು. ಅದೇ ದಿನ ಸಂಜೆ ಸ್ಟುಡಿಯೋದಲ್ಲಿ ಸತ್ತೂ ಕೊಟ್ಟೆ.

ಆ ದನಿ ನನಗೆ ಅನ್ನ ಹಾಕಿತು, ಇಲ್ಲ ಅನ್ನುವುದಿಲ್ಲ. ಗೇಟು ಬಿಟ್ಟೆ. ಸಿನಿಮಾ ಆದ ಮೇಲೆ ಟೀವಿ ಬಂತು, ಈಗ ಧಾರಾವಾಹಿಯವರೂ ಫೋನಿನಲ್ಲಿ ಆ ದನಿಯನ್ನೇ ಕೇಳುತ್ತಾರೆ, ನಾನೂ ಆ ದನಿಯಲ್ಲೇ ಹಲೋ ಅನ್ನುತ್ತೇನೆ. ಅಂಬಿಗನ ಸಿನಿಮಾ ಹಳಿಯಾಳಕ್ಕೆ ಬಂದಾಗ ಮಾತ್ರ ಹೆಂಡತಿಯನ್ನು ಒಬ್ಬಳನ್ನೇ ಕರೆದುಕೊಂಡು ಹೋಗಿದ್ದೆ. ಅರ್ಧ ಸಿನಿಮಾ ನೋಡಿದಳು. ಆಮೇಲೆ ನನ್ನ ಕಡೆ ಬಾಗಿ, ನೊಂದುಕೊಂಡು ಅಂದಳು:

"ಅಲ್ರೀ, ಮದ್ರಾಸಿಗೆ ಹೋಗಿ ಬಂದ್ರಿ. ಮತ್ತ ಅವನ ದನೀನ ಹಾಕ್ಯಾರಲ್ಲ?"

"ಹೂಂ," ಅಂದೆ.

ಪಾತ್ರಕ್ಕೆ ಹೊರಟವರಿಗೆ ನನ್ನದೊಂದು ಮಾತು. ಊಟ, ಹೆಸರು, ಗಾಡಿ ಇವನ್ನೆಲ್ಲಾ ಮೊದಲು ಕೇಳಬೇಡಿ. ಅವು ಕೊಡಲು ಅಗ್ಗ, ಅದಕ್ಕೇ ಬೇಗ ಕೊಡುತ್ತಾರೆ. ಯಾವುದು ನಿಮ್ಮದೇ ಅಂತ ನೀವು ಕೇಳದೆ ಬಿಡುತ್ತೀರೋ ಅದನ್ನೇ ಮೊದಲು ಕೇಳಿರಿ. ಒಂದು ಶಾಟು ಸದಾ ಕೈಯಲ್ಲಿ ಇಟ್ಟುಕೊಳ್ಳಿರಿ, ಆದರೆ ಅದನ್ನು ಹಿಡಿದು ಎದ್ದು ಬರುವ ಧೈರ್ಯ ಮನೆಯಿಂದಲೇ ತಗೊಂಡು ಹೋಗಿರಿ. ಮದ್ರಾಸಿನಲ್ಲಿ ಅದು ಸಿಗುವುದಿಲ್ಲ. ಬೋಳುಬಾಯಿ ಬೇಕು ಅಂದರೆ ಮುದುಕನನ್ನು ಹುಡುಕಿಕೊಳ್ಳಲಿ. ಮತ್ತು ಕ್ಯಾಮರಾದ ಎದುರು ಬಾಯಿ ತೆರೆಯುವ ಮೊದಲು, ಈ ಬಾಯಿಂದ ಬರುವ ದನಿ ಯಾರದು ಅಂತ ಎಲ್ಲರ ಎದುರು ಕೇಳಿರಿ. ಕೇಳಿದ್ದಕ್ಕೆ ಅವರು ನಕ್ಕರೆ, ಹಲ್ಲು ಬಾಯಲ್ಲಿ ಇರುವಾಗಲೇ ಎದ್ದು ಬರ್ರಿ.